ಕಾರಖಾನೆಯ ಖರೀದಿ ಕೆಲಸವೂ ತಂಡದ ಮುಂದಾಳುತನವೂ

ಕನ್ಯಾಶಾಲೆಗಳಲ್ಲಿ ಓದಿ ಹೊರಟ ಹೆಣ್ಣುಮಕ್ಕಳು ಉಪಾಧ್ಯಾಯಿನಿಯರೂ ದಾದಿಯರೂ ಆಗಿ ಸೇವೆಮಾಡುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ದೊಡ್ಡ ಕಾರಖಾನೆಗಳಲ್ಲಿ ಸಾಮಗ್ರಿಗಳನ್ನು ಕೊಳ್ಳುವುದಕ್ಕೆಂದೇ ಒಂದು ವಿಭಾಗವುಂಟೆಂಬುದನ್ನೂ, ಅಲ್ಲಿ ನುರಿತವಳು ಮುಂದೆ ಒಂದು ತಂಡವನ್ನೇ ನಡಿಸತಕ್ಕ ಸ್ಥಾನಕ್ಕೆ ಏರಬಹುದೆಂಬುದನ್ನೂ ಬಲ್ಲವರು ಕೆಲವರೇ. ಆದುದರಿಂದ ಆ ಕೆಲಸದ ಸ್ವರೂಪವೇನು, ಅದರಲ್ಲಿ ಮೇಲೇರುವ ಬಗೆ ಹೇಗೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಈ ಕೆಲಸವು ಸ್ತ್ರೀಯರಿಗೆ ಹೊಸದೆಂದು ಹೇಳಲಾಗದು. ಜ್ಞಾನೋಕ್ತಿಗಳ ಕಡೆಯ ಅಧ್ಯಾಯದಲ್ಲಿ ವರ್ಣಿಸಲ್ಪಟ್ಟ ಗುಣವತಿಯು ಉಣ್ಣೆಯನ್ನೂ ನಾರನ್ನೂ ತಾನೇ ಆರಿಸುತ್ತಾಳೆ, ಬೇಕಾದ ಆಹಾರವನ್ನು ದೂರದಿಂದ ತರಿಸುತ್ತಾಳೆ, ಚೆನ್ನಾಗಿ ಯೋಚಿಸಿ ಹೊಲವನ್ನು ಕೊಳ್ಳುತ್ತಾಳೆ. ಇವು ಖರೀದಿದಾರಳ ಗುಣಗಳು. ಆಕೆಯೇ ಬೆಳಗಾಗುವ ಮುನ್ನ ಎದ್ದು ದಾಸಿಯರಿಗೆ ಅವರವರ ಪಾಲನ್ನು ಹಂಚಿಕೊಡುತ್ತಾಳೆ. ಇದು ಮುಂದಾಳಿನ ಗುಣ. ಇವೆರಡೂ ಬೇರೆ ಬೇರೆ ವಿದ್ಯೆಗಳೆಂಬುದನ್ನು ಮರೆಯಬಾರದು.

ಮೊದಲು ಖರೀದಿಯ ವಿಚಾರ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ಸ್ಥಾಪಿಸಿದರಷ್ಟೆ. ಹಂಚಿಗೆ ಜೇಡಿಮಣ್ಣು ಬೇಕು, ಸುಡುವುದಕ್ಕೆ ಕಟ್ಟಿಗೆ ಬೇಕು. ಮಣ್ಣು ಒಳ್ಳೆಯದಲ್ಲದಿದ್ದರೆ ಹಂಚು ಬಿರಿಯುವುದು. ಮಳೆಗಾಲಕ್ಕೆ ಮೊದಲೇ ಕೂಡಿಸಿಡದಿದ್ದರೆ ಕೆಲಸವೇ ನಿಲ್ಲುವುದು. ಯಂತ್ರಗಳು ಎಷ್ಟೇ ಉತ್ತಮವಾಗಿದ್ದರೂ, ತಕ್ಕ ಸಾಮಗ್ರಿಯು ತಕ್ಕ ಕಾಲಕ್ಕೆ ಬಾರದಿದ್ದರೆ ಅವು ಬರಿಯ ಕಬ್ಬಿಣವೇ ಸರಿ. ಇಂದಿನ ಮೋಟಾರು ಕಾರಖಾನೆಗೂ ಔಷಧದ ಕಾರಖಾನೆಗೂ ಇದೇ ನಿಯಮವು ಸಲ್ಲುತ್ತದೆ.

ಈ ಕೆಲಸದಲ್ಲಿ ಕಲಿಯಬೇಕಾದವುಗಳಲ್ಲಿ ಮೊದಲನೆಯದು ಬೆಲೆಗೂ ವೆಚ್ಚಕ್ಕೂ ಇರುವ ಭೇದ. ಒಬ್ಬ ವರ್ತಕನು ಒಂದು ಬಿಡಿಭಾಗಕ್ಕೆ 95 ರೂಪಾಯಿಯನ್ನೂ ಮತ್ತೊಬ್ಬನು 100 ರೂಪಾಯಿಯನ್ನೂ ಕೇಳುವನೆಂದು ಇಟ್ಟುಕೊಳ್ಳೋಣ. ಮೊದಲನೆಯವನ ಸಾವಿರ ಬಿಡಿಭಾಗಗಳಲ್ಲಿ 60 ಕೆಟ್ಟವು, ಎರಡನೆಯವನ ಸಾವಿರದಲ್ಲಿ 5 ಮಾತ್ರ ಕೆಟ್ಟವು. ಕೆಟ್ಟವುಗಳ ಹಣವು ಹಿಂದಕ್ಕೆ ಬಾರದಿದ್ದರೆ, ಮೊದಲನೆಯವನ ಒಂದು ಒಳ್ಳೆಯ ಬಿಡಿಭಾಗಕ್ಕೆ 101 ರೂಪಾಯಿಗೂ ಮೇಲೆ ಬೀಳುವುದು. ಎರಡನೆಯವನದಕ್ಕೆ ನೂರೂವರೆ ರೂಪಾಯಿ ಮಾತ್ರ. ಪರೀಕ್ಷಿಸುವವರ ಕೂಲಿಯನ್ನೂ ನಿಂತ ಯಂತ್ರಗಳ ನಷ್ಟವನ್ನೂ ನಾವಿನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಗ್ಗಕ್ಕೆ ಹೋಗಿ ಮುಗ್ಗಿದ ಜೋಳ ತಂದರೆಂಬ ಗಾದೆಯು ಇದನ್ನೇ ಸಾರುವುದು.

ಎರಡನೆಯದು ಕಾಲದ ಲೆಕ್ಕ. ದಿನಕ್ಕೆ 40 ತಗಡುಗಳು ಖರ್ಚಾಗುವವು. ಆರ್ಡರು ಕೊಟ್ಟ 12 ದಿನಗಳಿಗೆ ಸರಕು ಬರುವುದು. ತಡವಾದರೆ ಇರಲೆಂದು 5 ದಿನಗಳಿಗೆ ಸಾಲುವಷ್ಟನ್ನು ಬೇರೆ ಇಡಬೇಕು. ಹಾಗಾದರೆ ಉಗ್ರಾಣದಲ್ಲಿ 680 ತಗಡುಗಳು ಉಳಿದಿರುವಾಗಲೇ ಹೊಸ ಆರ್ಡರು ಹೋಗಬೇಕು. ಇದಕ್ಕಿಂತ ಕಡಿಮೆಯಾದರೆ ಕೆಲಸ ನಿಲ್ಲುವ ಭಯ. ಬಹಳ ಹೆಚ್ಚಾದರೆ ಹಣವೆಲ್ಲವೂ ಉಗ್ರಾಣದಲ್ಲಿ ತುಕ್ಕುಹಿಡಿಯುವುದು.

ಮೂರನೆಯದು ಪ್ರಾಮಾಣಿಕತೆ. ಕೊಳ್ಳುವವರ ಬಾಗಿಲಿಗೆ ಕಾಣಿಕೆಗಳು ತಾವಾಗಿಯೇ ಬರುತ್ತವೆ. ಹಬ್ಬದ ದಿನ ಬಂದ ಸಣ್ಣ ಬುಟ್ಟಿಯು ಮುಂದಿನ ಕರಾರಿನ ಹೊತ್ತಿಗೆ ಬಾಯಿಕಟ್ಟುವುದು. ಇದರಲ್ಲಿ ಒಮ್ಮೆ ಮುಗ್ಗರಿಸಿದವಳು ಎಷ್ಟು ಜಾಣೆಯಾದರೂ ಇತರರನ್ನು ನಡಿಸಲಾರಳು, ಯಾಕಂದರೆ ಆಕೆಯ ಮಾತಿಗೆ ತೂಕವಿರದು.

ಇವನ್ನೆಲ್ಲಾ ಕಲಿತವಳು ನಿಪುಣಳೇ ಹೌದು. ಆದರೆ ಇನ್ನೂ ಮುಂದಾಳಲ್ಲ. ನಿಪುಣಳ ಬಲವೆಲ್ಲಾ ಆಕೆಯ ಸ್ವಂತ ತಿಳಿವಳಿಕೆಯಲ್ಲಿರುವುದು: ಯಾವ ವರ್ತಕನು ಮಾತಿಗೆ ನಿಲ್ಲುವನು, ಯಾವನು ತಿಂಗಳ ಕಡೆಯಲ್ಲಿ ದರ ಇಳಿಸುವನು ಎಂಬುದೆಲ್ಲಾ ಆಕೆಯ ಕೈಪುಸ್ತಕದಲ್ಲಿ ಅಡಗಿರುವುದು. ಆಕೆ ಜ್ವರದಿಂದ ಮಲಗಿದರೆ ವಿಭಾಗವೂ ಮಲಗುವುದು. ಮುಂದಾಳಾಗಬೇಕಾದರೆ ಆ ಕೈಪುಸ್ತಕವನ್ನು ಎಲ್ಲರ ಮುಂದೆ ತೆರೆದಿಡಬೇಕು. ಇದು ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಠಿಣ. ತನ್ನ ಬೆಲೆಯು ಇಳಿದುಹೋದೀತೆಂಬ ಭಯವು ಅಡ್ಡಬರುವುದು. ಆದರೆ ತಾನಿಲ್ಲದ ದಿನವೂ ಕೆಲಸವು ಸಾಗುವಂತೆ ಮಾಡಿದವಳಿಗೇ ಹಿರಿಯ ಹೊಣೆಯು ಒಪ್ಪಿಸಲ್ಪಡುವುದು.

ಹಾಗಾದರೆ ತಂಡದಲ್ಲಿ ಕೆಲಸವನ್ನು ಹಂಚುವುದು ಹೇಗೆ? ಕಿರಿಯರಿಗೆ ಕಾಗದ ನಕಲುಮಾಡುವುದನ್ನು ಮಾತ್ರ ಬಿಟ್ಟು, ಘನವಾದುದೆಲ್ಲವನ್ನೂ ತಾನೇ ಇಟ್ಟುಕೊಂಡರೆ ಅವರು ಎಂದಿಗೂ ಬಲಿಯರು. ಒಂದು ಬಗೆಯ ಸಾಮಗ್ರಿಯನ್ನು ಒಬ್ಬಳಿಗೆ ಪೂರ್ಣವಾಗಿ ಒಪ್ಪಿಸಿ, ಎಷ್ಟು ಹಣದವರೆಗೆ ಆಕೆ ಕೇಳದೆಯೇ ನಿರ್ಧರಿಸಬಹುದೆಂಬ ಎಲ್ಲೆಯನ್ನು ಬರೆದುಕೊಟ್ಟು, ವಾರಕ್ಕೊಮ್ಮೆ ಲೆಕ್ಕ ಕೇಳುವುದು ಉತ್ತಮ. ವರ್ತಕನೊಡನೆ ಮಾತಾಡುವಾಗ ಹೊಸಬಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಮುಂದಿನ ಸಲ ಆಕೆಯೇ ಮಾತಾಡಲಿ, ತಾನು ಪಕ್ಕದಲ್ಲಿ ಕೂತಿರಲಿ. ಯಂತ್ರಶಾಲೆಯವರೊಡನೆಯೂ ಲೆಕ್ಕಪತ್ರದವರೊಡನೆಯೂ ನೇರವಾಗಿ ವ್ಯವಹರಿಸಲು ಬಿಡಬೇಕು. ಲಾಭವಾದಾಗ ಅವರ ಹೆಸರು ಮುಂದಿರಲಿ. ನಷ್ಟವಾದಾಗ ತಾನು ಮುಂದೆ ನಿಲ್ಲಲಿ.

ವರ್ತಕರನ್ನು ಶತ್ರುಗಳೆಂದು ಎಣಿಸದಿರುವುದೂ ಮುಂದಾಳಿನ ವಿವೇಕವೇ. ಜಪಾನಿನ ಕರಿಯಾ ಎಂಬ ಊರಿನಲ್ಲಿ ಐಸಿನ್ ಕಂಪೆನಿಯವರ ಕಾರಖಾನೆಗೆ 1997ನೆಯ ಫೆಬ್ರವರಿ 1ರಂದು ಬೆಂಕಿ ಬಿದ್ದಿತು. ಟೊಯೋಟ ಮೋಟಾರುಗಳ ಬ್ರೇಕಿಗೆ ಬೇಕಾದ ಒಂದು ಚಿಕ್ಕ ಕವಾಟವು ಹೆಚ್ಚುಕಡಿಮೆ ಅದೊಂದೇ ಸ್ಥಳದಲ್ಲಿ ತಯಾರಾಗುತ್ತಿತ್ತು. ಕೂಡಿಟ್ಟ ದಾಸ್ತಾನು ಅತ್ಯಲ್ಪವಾದುದರಿಂದ ಟೊಯೋಟದವರ ಕಾರಖಾನೆಗಳು ನಿಲ್ಲಬೇಕಾಯಿತು. ಆಗ ಅನೇಕ ಸಣ್ಣ ದೊಡ್ಡ ಕಂಪೆನಿಗಳು ನಕ್ಷೆಗಳನ್ನು ತರಿಸಿಕೊಂಡು, ತಾವು ಹಿಂದೆ ಮಾಡದಿದ್ದ ಆ ಕವಾಟವನ್ನು ಮಾಡಲು ತೊಡಗಿದವು. ಕೆಲವೇ ದಿನಗಳಲ್ಲಿ ಮೋಟಾರುಗಳು ಮತ್ತೆ ಹೊರಬರತೊಡಗಿದವು. ಒಬ್ಬನನ್ನೇ ನಂಬಿ ಕೂರಬಾರದೆಂಬುದು ಇಲ್ಲಿಯ ಒಂದು ಪಾಠ. ಬಹುಕಾಲದ ನ್ಯಾಯವಾದ ವ್ಯವಹಾರದಿಂದ ಬೆಳೆದ ಸ್ನೇಹವು ಆಪತ್ತಿನಲ್ಲಿ ಹಣಕ್ಕಿಂತಲೂ ಹೆಚ್ಚೆಂಬುದು ಇನ್ನೊಂದು.

ಸ್ತ್ರೀಯೊಬ್ಬಳ ದೃಷ್ಟಾಂತವನ್ನೂ ಕೊಡುವೆವು. ಅಮೇರಿಕದ ಮೇರಿ ಬಾರಾ ಎಂಬಾಕೆಯು 1980ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಜನರಲ್ ಮೋಟಾರ್ಸ್ ಕಂಪೆನಿಯಲ್ಲಿ ಮೋಟಾರಿನ ಹೊರತಗಡುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ವಿದ್ಯುಚ್ಛಕ್ತಿಯ ಎಂಜಿನಿಯರಿಂಗನ್ನು ಕಲಿತು, ಒಂದು ಕಾರಖಾನೆಯ ಮೇಲ್ವಿಚಾರಕಳಾಗಿ, 2013ರಲ್ಲಿ ಖರೀದಿ ಮತ್ತು ಸರಬರಾಜಿನ ಹೊಣೆಯನ್ನೂ ಹೊತ್ತು, 2014ನೆಯ ಜನವರಿಯಲ್ಲಿ ಇಡೀ ಕಂಪೆನಿಯ ಮುಖ್ಯಾಧಿಕಾರಿಣಿಯಾದಳು. ಜಗತ್ತಿನ ದೊಡ್ಡ ಮೋಟಾರು ಕಂಪೆನಿಯೊಂದಕ್ಕೆ ಸ್ತ್ರೀಯು ಮುಖ್ಯಸ್ಥಳಾದುದು ಅದೇ ಮೊದಲು.

ಆದರೆ ಆಕೆ ಪೀಠವೇರಿದ ಕೆಲವು ವಾರಗಳಲ್ಲಿಯೇ, ಹಿಂದಿನ ಮೋಟಾರುಗಳ ಬೀಗದ ಸ್ವಿಚ್ಚಿನಲ್ಲಿದ್ದ ದೋಷವು ಬೈಲಾಯಿತು. ಓಡುತ್ತಿರುವಾಗಲೇ ಎಂಜಿನು ನಿಂತು, ಅಪಘಾತದಲ್ಲಿ ರಕ್ಷಿಸತಕ್ಕ ಗಾಳಿಚೀಲವೂ ಉಬ್ಬದೆ ಹೋಗುತ್ತಿತ್ತು. 124 ಮಂದಿಯ ಮರಣಗಳಿಗೆ ಪರಿಹಾರ ಸಲ್ಲತಕ್ಕದ್ದೆಂದು ಆಮೇಲೆ ನಿರ್ಣಯವಾಯಿತು. ದೋಷದ ಸುಳಿವು ಕಂಪೆನಿಯೊಳಗೆ ಹಲವರಿಗೆ ವರ್ಷಗಳ ಹಿಂದೆಯೇ ಸಿಕ್ಕಿತ್ತು. ಸಭೆಯಲ್ಲಿ ಎಲ್ಲರೂ ಒಪ್ಪಿ ತಲೆಯಾಡಿಸುವರು, ಹೊರಗೆ ಬಂದ ಮೇಲೆ ಯಾರೂ ಕೈಹಾಕರು ಎಂಬ ಅಭ್ಯಾಸವನ್ನು ಆ ವರ್ಷದ ವಿಚಾರಣೆಯ ವರದಿಯು ಎತ್ತಿ ತೋರಿಸಿತು. ಅಲ್ಪಬೆಲೆಯ ಒಂದು ಬಿಡಿಭಾಗದ ವಿಷಯದಲ್ಲಿ ಮನುಷ್ಯರ ಪ್ರಾಣವೇ ತೂಗುತ್ತದೆಂಬುದನ್ನು ಕೊಳ್ಳುವವಳೂ ನಡಿಸುವವಳೂ ಮರೆಯಬಾರದು. ಕೆಟ್ಟ ಸುದ್ದಿಯನ್ನು ತಂದ ಕಿರಿಯಳನ್ನು ಗದರಿಸುವ ಮುಂದಾಳಿಗೆ ಮುಂದೆ ಸುದ್ದಿಯೇ ಬಾರದು, ಅನರ್ಥವೇ ಬರುವುದು. ಸಭೆ ಮುಗಿಯುವ ಮೊದಲು ಯಾವ ಕೆಲಸವು ಯಾರದು, ಯಾವ ದಿನಕ್ಕೆ ಮುಗಿಯಬೇಕು ಎಂಬುದನ್ನು ಬರೆದಿಡುವುದು ಈ ರೋಗಕ್ಕೆ ಸಾದಾ ಔಷಧ.

ಪ್ರಿಯ ಸಹೋದರಿಯರೇ, ಇದಕ್ಕೆ ಬೇಕಾದ ಬುನಾದಿಯು ಶಾಲೆಯಲ್ಲಿಯೇ ಬೀಳುತ್ತದೆ. ಲೆಕ್ಕವನ್ನು ತಪ್ಪಿಲ್ಲದೆ ಮಾಡಿರಿ. ಕಾಗದವನ್ನು ಸ್ಪಷ್ಟವಾಗಿ ಬರೆಯಿರಿ. ಕನ್ನಡದೊಡನೆ ಇನ್ನೊಂದೆರಡು ಭಾಷೆಗಳನ್ನು ಕಲಿಯಿರಿ. ಕೊಟ್ಟ ಮಾತಿಗೆ ನಿಲ್ಲಿರಿ. ವಿದ್ಯಾರ್ಥಿನಿಲಯದ ಉಗ್ರಾಣದ ಬೀಗದ ಕೈ ನಿಮ್ಮ ಪಾಲಿಗೆ ಬಂದರೆ ಅದನ್ನು ಸಣ್ಣ ಹೊಣೆಯೆಂದು ಎಣಿಸಬೇಡಿರಿ, ನಿಮ್ಮ ಬಳಿಕ ಅದನ್ನು ಹಿಡಿಯುವವಳಿಗೆ ಲೆಕ್ಕವನ್ನೆಲ್ಲಾ ಚೆನ್ನಾಗಿ ತಿಳಿಸಿಕೊಡಿರಿ. ಸ್ವಲ್ಪದರಲ್ಲಿ ನಂಬಿಗಸ್ತರಾಗಿದ್ದು, ತಿಳಿದುದನ್ನು ಇತರರಿಗೆ ದಾಟಿಸಬಲ್ಲವರಿಗೆ ಕಾರಖಾನೆಯಲ್ಲಿಯೂ ಬೇರೆಲ್ಲಿಯೂ ಹೆಚ್ಚಾದುದು ಒಪ್ಪಿಸಲ್ಪಡುವುದೆಂದು ನಾವು ನಂಬುತ್ತೇವೆ.