ಕಾಪುವಿನ ದೀಪಸ್ತಂಭ

ಗೋಕಾಕದಲ್ಲಿ ಧುಮುಕುವ ಘಟಪ್ರಭೆಯು ಪಡುಗಡಲಿಗೆ ಬೆನ್ನು ತಿರುಗಿಸಿ ಹರಿಯುವ ಹೊಳೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳವರು ದೀಪಸ್ತಂಭವನ್ನು ಕಾಣಬೇಕಾದರೆ ಘಟ್ಟವಿಳಿಯಬೇಕು. ಇಳಿದವರು ಉಡುಪಿಯ ದಕ್ಷಿಣಕ್ಕಿರುವ ಕಾಪುವನ್ನು ಬಿಡಬಾರದು. 1901ರಲ್ಲಿ ಅಲ್ಲಿಯ ಕಡಲಂಚಿನ ಬಂಡೆಯ ಮೇಲೆ ಕಟ್ಟಿದ ಸ್ತಂಭದ ಎತ್ತರ ಸುಮಾರು 27 ಮೀಟರು. ಇಷ್ಟು ಎತ್ತರವೇಕೆ? ಭೂಮಿಯು ಗುಂಡಾಗಿರುವುದರಿಂದ ಕಡಲೂ ಬಾಗಿದೆ. ನೀರಿನ ಮಟ್ಟದಲ್ಲಿಟ್ಟ ದೀಪವು, ಎಷ್ಟೇ ಪ್ರಖರವಾಗಿರಲಿ, ಬೇಗನೆ ಆ ಬಾಗಿನ ಹಿಂದೆ ಮರೆಯಾದೀತು. 27 ಮೀಟರು ಮೇಲಿನಿಂದ ದಿಗಂತವು ಸುಮಾರು 20 ಕಿಲೋಮೀಟರು ದೂರ. ಬಂಡೆಯ ಎತ್ತರವೂ ಸೇರಿದರೆ ಇನ್ನೂ ಹೆಚ್ಚು. ಆದರೆ ಬೆಳಕು ಕಂಡರಷ್ಟೇ ಸಾಲದು, ಅದು ಯಾವ ಊರಿನದೆಂದು ತಿಳಿಯಬೇಕಷ್ಟೆ! ಅದಕ್ಕಾಗಿ ಒಂದೊಂದು ದೀಪಕ್ಕೂ ತನ್ನದೇ ಆದ ಮಿಂಚುವ ಲಯವುಂಟು. ನಾವಿಕನು ಗಡಿಯಾರ ಹಿಡಿದು ಎಣಿಸಬೇಕು. ಎಣಿಕೆ ತಪ್ಪಿದರೆ ಹಡಗೇ ಬಂಡೆಯ ಪಾಲು. ಈಗ ಉಪಗ್ರಹಗಳು ದಾರಿ ಹೇಳುತ್ತವೆ, ನಿಜ. ಯಂತ್ರವು ಕೆಟ್ಟ ರಾತ್ರಿ ದೋಣಿಯವನ ಕಣ್ಣು ಹುಡುಕುವುದು ಈ ಬೆಳಕನ್ನೇ. ನೋಡಹೋಗುವವರು ಮಳೆಗಾಲದಲ್ಲಿ ಮಾತ್ರ ಆ ಬಂಡೆಯ ಅಂಚಿಗೆ ಸುಳಿಯದಿರುವುದು ಕ್ಷೇಮ.