ಅಮ್ಮನ ಬೀರುಗೆ ಹೊಸ ಕಳೆ: ಸೈಜ್ ಅಲ್ಲ, ಭುಜ ನೋಡಿ

"ಈ ವಯಸ್ಸಲ್ಲಿ ನನಗ್ಯಾಕೆ ಹೊಸ ಬಟ್ಟೆ?" ಅಂತ ಅಮ್ಮ ಹೇಳೋದನ್ನ ನೀವೂ ಕೇಳಿರ್ತೀರಿ. ಎಷ್ಟೋ ಸಲ ಅದು ಬರೀ ದುಡ್ಡಿನ ಚಿಂತೆ ಅಲ್ಲ. ಹಳೇ ಕುರ್ತಾ ಮೈಗೆ ಹಿಡಿಯುತ್ತೆ ಅನ್ನೋ ಮುಜುಗರ.

ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಹಾರ್ಮೋನ್ ಬದಲಾಗಿ, ಕೊಬ್ಬು ಹೊಟ್ಟೆಯ ಸುತ್ತ ಹೆಚ್ಚು ಸೇರುತ್ತೆ. ಭುಜದ ಅಗಲ ಅಷ್ಟೇನೂ ಬದಲಾಗಲ್ಲ. ಹೊಟ್ಟೆ ಮುಚ್ಚಲಿ ಅಂತ ಎರಡು ಸೈಜ್ ದೊಡ್ಡದು ತಂದ್ರೆ, ಭುಜ ಜಾರಿ ಇಡೀ ಬಟ್ಟೆ ಜೋತು ಬೀಳುತ್ತೆ.

ಹಾಗಾದ್ರೆ ಏನ್ ಮಾಡೋದು? ತೋಳಿನ ಹೊಲಿಗೆ ಭುಜದ ತುದಿಗೆ ಸರಿಯಾಗಿ ಕೂರೋ, ಕೆಳಗೆ ಅಗಲವಾಗೋ ಎ-ಲೈನ್ ಕುರ್ತಾ ಆರಿಸಿ. ಪಕ್ಕದ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ರೆ ಟೈಲರ್ ಬಿಚ್ಚಿ ಸಡಿಲ ಮಾಡಿಕೊಡ್ತಾರೆ. ಭುಜ ಸರಿಮಾಡೋದು ಕಷ್ಟ. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುತ್ತಿದ್ರೆ ಪಾಲಿಯೆಸ್ಟರ್‌ಗಿಂತ ತೆಳು ಕಾಟನ್ ಹಿತ.

ರಾಶಿ ಬಟ್ಟೆ ಬೇಡ. ಒಂದಕ್ಕೊಂದು ಹೊಂದೋ 3 ಕುರ್ತಾ, 2 ಪ್ಯಾಂಟ್ ಇದ್ರೆ 6 ಜೊತೆ ಆಯ್ತು. ಎಂ, ಎಲ್ ಅಳತೆ ಕಂಪನಿಗೊಂದು ಥರ. ಆನ್‌ಲೈನ್ ಆರ್ಡರ್‌ಗೆ ಮುಂಚೆ ಟೇಪ್ ಹಿಡಿದು ಅಳೀರಿ. ಬಣ್ಣ ಮಾತ್ರ ಅಮ್ಮನೇ ಆರಿಸಲಿ.