ಖಣದ ಸಂಚಿ

ಎಲೆಯಡಿಕೆಯ ಸಂಚಿಯನ್ನು ಕೈಯಲ್ಲಿ ಹಿಡಿದು ನೋಡದವರೇ ಈಗ ಪಟ್ಟಣಗಳಲ್ಲಿ ಹೆಚ್ಚು. ಬಾಗಲಕೋಟೆ, ಬಾದಾಮಿ, ಹುನಗುಂದಗಳ ಕಡೆಗೆ ಇದನ್ನು ಚಂಚಿ ಎಂದು ಕರೆಯುವುದೂ ಉಂಟು. ಹೊರನೋಟಕ್ಕೆ ಅದೊಂದು ಸಾಧಾರಣವಾದ ಬಟ್ಟೆಯ ಚೀಲ. ಬಾಯಿ ಕಟ್ಟಿದ ದಾರವನ್ನು ಬಿಚ್ಚಿದರೆ ಒಳಗೆ ಕಿಸೆಯ ಹಿಂದೆ ಕಿಸೆ ತೋರುತ್ತದೆ: ಎಲೆಗೆ ಅಗಲವಾದುದು, ಅಡಿಕೆಗೆ ಆಳವಾದುದು, ಸುಣ್ಣದ ಡಬ್ಬಿಗೆ ಬಿಗಿಯಾದುದು, ಲವಂಗ ಏಲಕ್ಕಿಗಳಿಗೆ ಪುಟ್ಟದೊಂದು, ಚಿಲ್ಲರೆ ಕಾಸಿಗೆ ಎಲ್ಲಕ್ಕಿಂತ ಒಳಗಿನದು. ದೀಪವಿಲ್ಲದ ಕಟ್ಟೆಯ ಮೇಲೆ ಕುಳಿತ ಮುದುಕರು ಮಾತು ನಿಲ್ಲಿಸದೆ, ಕಣ್ಣು ಹಾಯಿಸದೆ, ಬೇಕಾದುದನ್ನು ಬೇಕಾದ ಕಿಸೆಯಿಂದ ತೆಗೆಯುತ್ತಿದ್ದರು. ಬೆರಳಿಗೆ ದಾರಿ ಗೊತ್ತಿತ್ತು.

ಈಗ ಅಂಗಡಿಗಳಲ್ಲಿ ಆರ್ಗನೈಸರ್ ಎಂಬ ಹೆಸರಿನಿಂದ ಮಾರುವ ಕಿಸೆಗಳ ಚೀಲ ಈ ಸಂಚಿಯ ದಾಯಾದಿಯೇ ಸರಿ. ಇಂಗ್ಲೆಂಡಿನಲ್ಲಿಯೂ ಇಂಥದೊಂದು ಇತ್ತು. ಸೂಜಿ, ದಾರ, ಗುಂಡಿಗಳನ್ನಿಟ್ಟು ಸುರುಳಿ ಸುತ್ತುವ ಕಿಸೆಗಳುಳ್ಳ ಬಟ್ಟೆಗೆ ಅವರು ‘ಹೌಸ್‌ವೈಫ್’, ಎಂದರೆ ಗೃಹಿಣಿ, ಎಂದು ಹೆಸರಿಟ್ಟಿದ್ದರು. ಮಹಾಯುದ್ಧಗಳಿಗೆ ಹೋದ ಸೈನಿಕರ ಸಾಮಾನಿನಲ್ಲಿಯೂ ಅದು ಇರುತ್ತಿತ್ತು. ಹೆಂಡತಿಯನ್ನು ಊರಿನಲ್ಲಿ ಬಿಟ್ಟು ‘ಗೃಹಿಣಿ’ಯನ್ನು ಚೀಲದಲ್ಲಿ ಹೊತ್ತು ರಣರಂಗಕ್ಕೆ ನಡೆದ ಸಿಪಾಯಿಯನ್ನು ನೆನೆದರೆ ನಗೆಯೂ ಬರುತ್ತದೆ, ಮರುಕವೂ ಆಗುತ್ತದೆ.

ನಾವು ಈಗ ಹೇಳಹೊರಟಿರುವುದು, ಮನೆಯಲ್ಲಿಯೇ ಇರುವ ಬಟ್ಟೆಯಿಂದ ಇಂಥ ಒಂದು ಸಂಚಿಯನ್ನು ಹೊಲಿದು ಬೇಕಾದವರಿಗೆ ಉಡುಗೊರೆಯಾಗಿ ಕೊಡುವ ಬಗೆಯನ್ನು. ಬಟ್ಟೆ ಯಾವುದಾದರೂ ಆದೀತು. ಆದರೆ ಗುಳೇದಗುಡ್ಡದ ಖಣದಿಂದ ಹೊಲಿಯಬೇಕೆಂಬುದು ನಮ್ಮ ಹಟ. ಅದಕ್ಕೆ ಕಾರಣ ಹೇಳುತ್ತೇವೆ.

ಗುಳೇದಗುಡ್ಡವು ಬಾದಾಮಿಗೆ ಸಮೀಪದ ನೇಕಾರರ ಊರು. ಅಲ್ಲಿ ನೇಯುವ ಖಣವು ಕುಪ್ಪಸದ ಬಟ್ಟೆ. ರೇಷ್ಮೆಯ ಹಾಸು, ಹತ್ತಿಯ ಹೊಕ್ಕು, ಮೈತುಂಬ ಸಣ್ಣ ಚಿತ್ತಾರ, ಅಂಚಿನಲ್ಲಿ ದಡಿ. ಇದು ಅದರ ಹಳೆಯ ಕ್ರಮ. ಈಚೆಗೆ ಕೃತಕ ರೇಷ್ಮೆಯೂ ಸೇರಿದೆ. ತೇರು, ಆನೆಹೆಜ್ಜೆ, ಕ್ಯಾದಗಿ, ಸೂರ್ಯನಾರಾಯಣ ಎಂದು ಚಿತ್ತಾರಗಳಿಗೆ ಹೆಸರುಗಳುಂಟು. ಇಳಕಲ್ ಸೀರೆ ಉಟ್ಟು ಗುಳೇದಗುಡ್ಡದ ಖಣದ ಕುಪ್ಪಸ ತೊಡುವುದು ಆ ಸೀಮೆಯ ಹೆಂಗಸರ ಪರಂಪರೆಯ ಉಡುಪು. ಎರಡು ಊರಿನ ಮಗ್ಗಗಳು ಒಂದೇ ಮೈಮೇಲೆ ಕೂಡುತ್ತಿದ್ದವು.

ಕುಪ್ಪಸವಾಗುವುದಷ್ಟೇ ಖಣದ ಕೆಲಸವಲ್ಲವಷ್ಟೆ. ಮದುವೆಯಲ್ಲಿ ಖಣ ಬೇಕು. ಬಸುರಿಗೆ ಕುಬಸ ಮಾಡುವಾಗ ಬೇಕು. ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬುಗಳ ಸಂಗಡ ಬೇಕು. ಬನಶಂಕರಿಗೆ ಹೋದರೆ ದೇವಿಗೂ ಬೇಕು. ಇದರಿಂದಾಗಿರುವ ಒಂದು ವಿಚಿತ್ರವನ್ನು ಎಲ್ಲರೂ ಬಲ್ಲರು, ಬಾಯಿಬಿಟ್ಟು ಹೇಳುವವರು ಕಡಮೆ. ಸೀರೆಯ ಸಂಗಡವೇ ಕುಪ್ಪಸದ ತುಂಡು ಬರುವ ಕಾಲದಲ್ಲಿ, ಉಡಿಯಲ್ಲಿ ಬಂದ ಖಣವನ್ನು ಹೊಲಿಸುವವರು ವಿರಳ. ಅದನ್ನು ಪೆಟ್ಟಿಗೆಯಲ್ಲಿಡುತ್ತಾರೆ. ಮತ್ತೊಬ್ಬರಿಗೆ ಉಡಿ ತುಂಬುವ ಪ್ರಸಂಗ ಬಂದಾಗ ಅದೇ ಖಣ ಹೊರಬರುತ್ತದೆ. ಅವರ ಪೆಟ್ಟಿಗೆಯನ್ನು ಸೇರುತ್ತದೆ. ಅಲ್ಲಿಂದ ಮೂರನೆಯವರ ಉಡಿಗೆ ಹೊರಡುತ್ತದೆ. ಒಂದೇ ಖಣ ಹತ್ತು ಮನೆಯ ಉಡಿಯನ್ನು ತುಂಬಿದರೂ ನೇಯ್ದವನಿಗೆ ದಕ್ಕಿದ್ದು ಒಂದು ಖಣದ ಕೂಲಿ ಮಾತ್ರ. ಗುಳೇದಗುಡ್ಡದಲ್ಲಿ ಕೈಮಗ್ಗಗಳು ಕಡಮೆಯಾದವೆಂದು ಮರುಗುವ ನಾವು ನಮ್ಮ ಪೆಟ್ಟಿಗೆಯ ಮುಚ್ಚಳವನ್ನು ಒಮ್ಮೆ ತೆರೆದು ನೋಡುವುದು ಮೇಲು. ಖಣಕ್ಕೆ ಕತ್ತರಿ ಬಿದ್ದರೆ ಅದರ ತಿರುಗಾಟ ನಿಲ್ಲುತ್ತದೆ, ಮುಂದಿನ ಉಡಿಗೆ ಹೊಸ ಖಣ ಕೊಳ್ಳಬೇಕಾಗುತ್ತದೆ. ಉಡಿಯ ಬಟ್ಟೆಯನ್ನು ಕತ್ತರಿಸಬಹುದೆ ಎಂಬ ಶಂಕೆ ಯಾರಿಗೂ ಬೇಡ. ಅದು ಹುಟ್ಟಿದ್ದೇ ಕತ್ತರಿಸಿ ಹೊಲಿಯುವುದಕ್ಕಾಗಿ.

ಸಂಚಿಯ ಒಳಮೈಗೆ ಹಳೆಯ ನೂಲಿನ ಇಳಕಲ್ ಸೀರೆಯ ತುಂಡು ಬಲು ಚೆನ್ನಾಗಿ ಒಪ್ಪುತ್ತದೆ. ಉಡಲು ಬರುವ ಸೀರೆಯನ್ನು ಮಾತ್ರ ಇದಕ್ಕಾಗಿ ಹರಿಯತಕ್ಕದ್ದಲ್ಲ. ಅದು ನೇಕಾರನಿಗೆ ಮಾಡುವ ಅನ್ಯಾಯ. ಇಳಕಲ್ಲಿನಲ್ಲಿ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಕೊಂಡಿಯಾಗಿ ಒಂದರೊಳಗೊಂದು ಸಿಕ್ಕಿಸಿ ಜೋಡಿಸುತ್ತಾರೆ. ಆ ಜೋಡಣೆಯ ಗೆರೆಯನ್ನು ಹಳೆಯ ಸೀರೆಯಲ್ಲಾದರೂ ಕತ್ತರಿಯಿಂದ ದೂರವಿಡುವುದು ಲೇಸು. ಸೆರಗನ್ನು ಹಾಗೆಯೇ ಎತ್ತಿಟ್ಟುಕೊಳ್ಳಬಹುದು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಎಲ್ಲಿ ಎಳೆ ಸವೆದಿದೆಯೆಂಬುದು ಕಾಣುತ್ತದೆ. ಒಳಗೆ ಸಿಕ್ಕಿಸುವ ತುದಿ ಸಾಮಾನ್ಯವಾಗಿ ಗಟ್ಟಿಯಾಗಿ ಉಳಿದಿರುತ್ತದೆ, ಅಲ್ಲಿಂದ ತೆಗೆದುಕೊಳ್ಳಬೇಕು. ನಡುವೆ ಹಾಕಲು ಹಳೆಯ ಧೋತರದ ತುಂಡೊಂದು ಸಾಕು.

ಕತ್ತರಿ ಹಿಡಿಯುವ ಮೊದಲು ಸಂಚಿ ಯಾರಿಗೆ ಎಂಬುದನ್ನು ನಿಶ್ಚಯಿಸಬೇಕು. ಅಂಗಡಿಯ ಚೀಲಕ್ಕೂ ಕೈಯಾರೆ ಹೊಲಿದ ಸಂಚಿಗೂ ಇರುವ ಅಂತರವೆಲ್ಲ ಇಲ್ಲಿಯೇ ಇದೆ. ಅಂಗಡಿಯವನು ಯಾರಿಗೂ ಹೊಂದಬಹುದಾದ ಕಿಸೆಗಳನ್ನು ಹೊಲಿಯುತ್ತಾನೆ. ನಾವು ಒಬ್ಬರ ಕೈಗೆ ಹೊಲಿಯುತ್ತೇವೆ. ತಾಯಿಗಾದರೆ ಮುಂಜಾನೆಯ ಗುಳಿಗೆ, ರಾತ್ರಿಯ ಗುಳಿಗೆ, ವೈದ್ಯರ ಚೀಟಿ, ಕನ್ನಡಕ ಒರೆಸುವ ಬಟ್ಟೆ. ವಸತಿಗೃಹಕ್ಕೆ ಹೊರಟ ಮಗಳಿಗಾದರೆ ಸೂಜಿದಾರ, ಪಿನ್ನು, ಬಾಚಣಿಗೆ, ಫೋನಿನ ತಂತಿ. ಆ ವಸ್ತುಗಳನ್ನು ಮೇಜಿನ ಮೇಲೆ ಹರವಿ ಅಳೆಯಬೇಕು. ಹೊಸಬರು ಇಲ್ಲಿ ಮೋಸಹೋಗುವುದುಂಟು: ವಸ್ತುವಿನ ಅಗಲವನ್ನು ಅಳೆದು ಅಷ್ಟೇ ಅಗಲದ ಕಿಸೆ ಹೊಲಿಯುತ್ತಾರೆ, ವಸ್ತು ಒಳಗಿಳಿಯುವುದಿಲ್ಲ. ವಸ್ತುವಿಗೆ ದಪ್ಪವೂ ಉಂಟಷ್ಟೆ. ಅಗಲಕ್ಕೆ ದಪ್ಪವನ್ನು ಕೂಡಿಸಿ, ಮೇಲೆ ಸುಮಾರು ಅರ್ಧ ಅಂಗುಲ ಸಡಿಲ ಬಿಟ್ಟರೆ ಸರಿಹೋಗುತ್ತದೆ. 2 ಅಂಗುಲ ಅಗಲ, ಅರ್ಧ ಅಂಗುಲ ದಪ್ಪದ ಡಬ್ಬಿಗೆ 3 ಅಂಗುಲದ ಕಿಸೆ ಬೇಕಾಗುತ್ತದೆ.

ಇನ್ನು ಕತ್ತರಿಸುವ ಕ್ರಮ. ಸಿದ್ಧವಾದ ಸಂಚಿಯನ್ನು ಬಿಚ್ಚಿ ಹಾಸಿದರೆ ಒಂದು ಗೇಣು, ಎಂದರೆ 9 ಅಂಗುಲ, ಅಗಲವೂ 19 ಅಂಗುಲ ಉದ್ದವೂ ಇರುತ್ತದೆ. ಮೂರು ಮಡಿಕೆಯಾಗಿ ಮಡಿಸಿದರೆ ಕೈಯಲ್ಲಿ ಹಿಡಿಯಲು ಬರುತ್ತದೆ. ಸುತ್ತಲೂ ಹೊಲಿಗೆಗೆ ಅರ್ಧ ಅಂಗುಲ ಬಿಡಬೇಕಾದುದರಿಂದ ಹೊರಮೈಗೆ 10 ಅಂಗುಲ ಅಗಲ, 20 ಅಂಗುಲ ಉದ್ದದ ಖಣ, ಒಳಮೈಗೆ ಅಷ್ಟೇ ಅಳತೆಯ ಸೀರೆಯ ತುಂಡು ಬೇಕು. ಕಿಸೆಗಳಿಗೆ ಸೀರೆಯಿಂದಲೇ ಇನ್ನೆರಡು ತುಂಡುಗಳು: 10 ಅಂಗುಲಕ್ಕೆ 12 ಅಂಗುಲದ್ದೊಂದು, 10 ಅಂಗುಲಕ್ಕೆ 10 ಅಂಗುಲದ್ದೊಂದು. ಖಣದ 20 ಅಂಗುಲದ ಉದ್ದವನ್ನು ಹೊಕ್ಕಿನ ಗುಂಟ, ಎಂದರೆ ಒಂದು ದಡಿಯಿಂದ ಇನ್ನೊಂದು ದಡಿಯ ಕಡೆಗೆ, ತೆಗೆಯಬೇಕು. ಹಾಗೆ ತೆಗೆದರೆ ಒಂದು ತುದಿಯಲ್ಲಿ ದಡಿ ಉಳಿಯುತ್ತದೆ. ಅದೇ ಸಂಚಿಯ ಮುಚ್ಚಳದ ಅಂಚು. ತೇರಿನಂತಹ ತಲೆ-ಬುಡಗಳುಳ್ಳ ಚಿತ್ತಾರವಾದರೆ ಮಡಿಸಿದಾಗ ಅಡ್ಡವಾಗಿಯೋ ತಲೆಕೆಳಗಾಗಿಯೋ ಕಂಡೀತು. ಆನೆಹೆಜ್ಜೆಯಂತಹ ಸಣ್ಣ ಹೂಬಿಡಿಗೆ ಈ ತೊಂದರೆಯಿಲ್ಲ.

ಸೀರೆಯೂ ಧೋತರವೂ ಒಗೆದು ಒಣಗಿದುವಾಗಿರಬೇಕು. ಖಣದ ಮೂಲೆಯ ಮೇಲೆ ಒದ್ದೆಯಾದ ಬಿಳಿಯ ಬಟ್ಟೆಯನ್ನು ಒತ್ತಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸತಕ್ಕದ್ದು. ಬಣ್ಣ ಬಿಟ್ಟರೆ ಆ ಸಂಚಿಯನ್ನು ನೀರಿಗೆ ಹಾಕಬಾರದೆಂದು ಉಡುಗೊರೆ ಪಡೆಯುವವರಿಗೆ ಹೇಳಿಬಿಡುವುದು ಮೇಲು. ರೇಷ್ಮೆಯ ಎಳೆ ನುಣುಪು. ಕತ್ತರಿಸಿದ ಗಳಿಗೆಯಿಂದ ಬಿಚ್ಚಿಕೊಳ್ಳತೊಡಗುತ್ತದೆ. ಆದುದರಿಂದ ಕತ್ತರಿಸಿದ ಅಂಚುಗಳನ್ನು ಸೂಜಿಯಿಂದ ಒಮ್ಮೆ ಸುತ್ತುಹಾಕಿ ಭದ್ರಪಡಿಸಿಕೊಂಡೇ ಮುಂದಕ್ಕೆ ಹೋಗಬೇಕು.

ಮೊದಲು ಖಣಕ್ಕೆ ಧೋತರವನ್ನು ಕೂಡಿಸುವುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವ ಹೆಂಗಸರು ಯಾವ ಬಗೆಯಲ್ಲಿ ಸೂಜಿಯನ್ನು ಓಡಿಸುತ್ತಾರೋ ಅದೇ ಬಗೆಯಲ್ಲಿ, ಒಂದೂವರೆ ಅಂಗುಲಕ್ಕೊಂದು ಸಾಲಿನಂತೆ, ಮುಂದಕ್ಕೆ ಓಡುವ ನೇರವಾದ ಹೊಲಿಗೆ ಹಾಕಬೇಕು. ಇದರಿಂದ ಸಂಚಿಗೆ ಮೈ ಬರುತ್ತದೆ. ದಾರವನ್ನು ಜಗ್ಗಬಾರದು, ಜಗ್ಗಿದರೆ ಖಣ ಸುಕ್ಕುಗಟ್ಟುತ್ತದೆ. ಹೇಗೂ ಸ್ವಲ್ಪ ಕುಗ್ಗುವುದರಿಂದ ಎರಡನ್ನೂ ಒಂದೊಂದು ಅಂಗುಲ ಹೆಚ್ಚಾಗಿಯೇ ತೆಗೆದುಕೊಂಡು, ಹೊಲಿದಾದ ಮೇಲೆ ದಡಿಯಿಲ್ಲದ ಬದಿಗಳಿಂದ ಅಳತೆಗೆ ಕತ್ತರಿಸುವುದು ಜಾಣತನ.

ಬಳಿಕ ಒಳಮೈಗೆ ಕಿಸೆಗಳು. 12 ಅಂಗುಲದ ತುಂಡನ್ನು ನಡುವೆ ಮಡಿಸಿದರೆ 6 ಅಂಗುಲ ಎತ್ತರದ ಇಮ್ಮಡಿ ಬಟ್ಟೆಯಾಗುತ್ತದೆ. ಮಡಿಕೆಯೇ ಕಿಸೆಯ ಬಾಯಿ. ಬೇರೆ ಅಂಚು ಹೊಲಿಯುವ ಶ್ರಮವಿಲ್ಲ. ಇದರ ಬಿಡಿಯಂಚನ್ನು ಒಳಮೈಯ ಕೆಳಗಿನ ಅಂಚಿಗೆ ಸರಿಹೊಂದಿಸಿ ಇಡಬೇಕು. ಎರಡನೆಯ ತುಂಡನ್ನೂ ಹೀಗೆಯೇ ಮಡಿಸಿದರೆ 5 ಅಂಗುಲವಾಗುತ್ತದೆ. ಒಳಮೈಯ ಕೆಳಗಿನ ಅಂಚಿನಿಂದ 8 ಅಂಗುಲ ಮೇಲೆ ಒಂದು ಗೆರೆ ಎಳೆದು, ಈ ತುಂಡಿನ ಬಿಡಿಯಂಚು ಗೆರೆಗೆ ತಾಗುವಂತೆಯೂ ಬಾಯಿ ಕೆಳಮುಖವಾಗಿರುವಂತೆಯೂ ಇಟ್ಟು, ಬಿಡಿಯಂಚಿನಿಂದ ಅರ್ಧ ಅಂಗುಲ ಬಿಟ್ಟು ಹೊಲಿಯಬೇಕು. ಆಮೇಲೆ ಕಿಸೆಯನ್ನು ಮೇಲಕ್ಕೆ ಮಗುಚಿ, ಬುಡದಿಂದ ಮುಕ್ಕಾಲು ಅಂಗುಲ ಮೇಲೆ ಇನ್ನೊಂದು ಸಾಲು ಹಾಕಿದರೆ ಬಿಡಿಯಂಚು ಎರಡು ಹೊಲಿಗೆಗಳ ನಡುವೆ ಅಡಗುತ್ತದೆ. ಇನ್ನು ಮೊದಲೇ ಅಳೆದುಕೊಂಡ ಪ್ರಕಾರ ಎರಡೂ ಕಿಸೆಗಳಲ್ಲಿ ಮೇಲಿನಿಂದ ಕೆಳಗೆ ಗೆರೆಗಳನ್ನು ಹೊಲಿದು ಅರೆಗಳನ್ನು ಮಾಡಬೇಕು. ಕಿಸೆಯ ಬಾಯಿಯ ಹತ್ತಿರ ಮೂರು ನಾಲ್ಕು ಸಲ ಸೂಜಿ ಆಡಿಸಿ ಗಟ್ಟಿ ಮಾಡದಿದ್ದರೆ ಬೆರಳಿನ ಎಳೆತಕ್ಕೆ ಮೊದಲು ಬಿಚ್ಚಿಕೊಳ್ಳುವ ಜಾಗ ಅದೇ.

ಕಸೂತಿ ಬಲ್ಲವರಿಗೆ ಇಲ್ಲಿ ಅವಕಾಶವಿದೆ. ಖಣದ ಮೇಲೆ ಕಸೂತಿ ಹಾಕುವುದನ್ನು ನಾವು ಒಪ್ಪುವುದಿಲ್ಲ. ಚಿತ್ತಾರದ ಮೇಲೆ ಚಿತ್ತಾರ ಬಿದ್ದು ಎರಡೂ ಕೆಡುತ್ತವೆ. ಒಳಗಿನ ಸಾದಾ ಬಟ್ಟೆಯ ಮೇಲೆ, ಕಿಸೆ ಹೊಲಿಯುವುದಕ್ಕೆ ಮೊದಲೇ, ಹಾಕಬಹುದು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯು ಎರಡು ಮಗ್ಗುಲಲ್ಲಿಯೂ ಒಂದೇ ರೂಪವಾಗಿ ಕಾಣುವಂಥದು. ಎಳೆ ಎಣಿಸಿ, ಗಂಟು ಹಾಕದೆ, ಹೋದ ದಾರಿಯಲ್ಲಿಯೇ ಹಿಂದಿರುಗಿ ಬಿಟ್ಟ ಸಂದುಗಳನ್ನು ತುಂಬುವುದು ಅದರ ರೀತಿ. ಮುಂಜಾನೆಯ ಗುಳಿಗೆಯ ಅರೆಗೆ ಒಂದು ಪುಟ್ಟ ಗೋಪುರ, ರಾತ್ರಿಯದಕ್ಕೆ ಒಂದು ನಕ್ಷತ್ರ ಹಾಕಿದರೆ, ಅಕ್ಷರ ಬಾರದ ತಾಯಿಗೂ ಗುಳಿಗೆ ಅದಲುಬದಲಾಗುವ ಭಯ ತಗ್ಗುತ್ತದೆ. ಇಂಥ ಕಸೂತಿಯನ್ನು ಬರಿಯ ಅಲಂಕಾರವೆಂದು ಹೇಗೆ ಹೇಳೋಣ!

ಕಡೆಯದು ಕೂಡಿಸುವ ಕೆಲಸ. ಖಣದ ಅಂದದ ಮೈಯೂ ಕಿಸೆಗಳುಳ್ಳ ಮೈಯೂ ಮುಖಾಮುಖಿಯಾಗುವಂತೆ ಒಂದರ ಮೇಲೊಂದನ್ನು ಇಡಬೇಕು. ದಡಿಯ ತುದಿಯ ನಡುವೆ, ಎರಡು ಬಟ್ಟೆಗಳ ಒಳಗೆ, 24 ಅಂಗುಲದ ಲಾಡಿಯನ್ನು ಎರಡಾಗಿ ಮಡಿಸಿ, ಮಡಿಕೆಯು ಅಂಚಿಗೆ ಬರುವಂತೆ ಸಿಕ್ಕಿಸಬೇಕು. ಕಿಸೆಯಿಲ್ಲದ ಒಂದು ಬದಿಯಲ್ಲಿ 4 ಅಂಗುಲ ಬಾಯಿ ಬಿಟ್ಟು ಉಳಿದುದೆಲ್ಲವನ್ನೂ ಅಂಚಿನಿಂದ ಅರ್ಧ ಅಂಗುಲ ಒಳಗೆ ಹೊಲಿಯಬೇಕು. ಯಂತ್ರವಿದ್ದರೆ ಹತ್ತು ನಿಮಿಷದ ಕೆಲಸ. ಕೈಯಿಂದಾದರೆ, ಒಂದು ಹೆಜ್ಜೆ ಹಿಂದಕ್ಕೆ ಕುತ್ತಿ ಎರಡು ಹೆಜ್ಜೆ ಮುಂದಕ್ಕೆ ತೆಗೆಯುವ ಹೊಲಿಗೆ ಹಾಕತಕ್ಕದ್ದು. ಓಟದ ಹೊಲಿಗೆ ಇಲ್ಲಿ ತಡೆಯಲಾರದು. ಒಳಗಿನ ಧೋತರವನ್ನು ಹೊಲಿಗೆಯ ಸಮೀಪದವರೆಗೆ ಕತ್ತರಿಸಿ, ನಾಲ್ಕು ಮೂಲೆಗಳ ಕೊನೆಗಳನ್ನು ಓರೆಯಾಗಿ ತೆಗೆದು, ಬಿಟ್ಟ ಬಾಯಿಯಿಂದ ಸಂಚಿಯನ್ನು ಮಗುಚಬೇಕು. ಬಾಯಿಯನ್ನು ಕಾಣದಂತೆ ಹೊಲಿದು, ಮೇಲೊಂದು ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಬೇಕು. ಕೃತಕ ರೇಷ್ಮೆಯ ಖಣವಾದರೆ ಬಿಸಿ ಇನ್ನೂ ಕಡಮೆಯಿರಲಿ.

ಇದು ಹೆಂಗಸರ ಕೆಲಸವೆಂದು ಭಾವಿಸಿ ಇಷ್ಟುಹೊತ್ತು ಸುಮ್ಮನೆ ಕುಳಿತಿರಬಹುದಾದ ಮಹನೀಯರಿಗೆ ಒಂದು ಮಾತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರೊಬ್ಬರು ಇದ್ದರು. ಸೂಜಿಯ ಕೆಲಸವೇ ಅವರ ಹೆಸರಿಗೆ ವಿಶೇಷಣವಾಗಿ ನಿಂತಿತು. ಶರಣರ ನೆನಪು ನೆಲೆಸಿರುವ ಕೂಡಲಸಂಗಮವು ಇದೇ ಬಾಗಲಕೋಟೆಯ ಸೀಮೆಯಲ್ಲಿದೆ. ತಾಯಿಗೆ ಗುಳಿಗೆಯ ಸಂಚಿಯನ್ನು ಮಗನು ಹೊಲಿದುಕೊಟ್ಟರೆ ಹೊಲಿಗೆ ಕೊಂಚ ಸೊಟ್ಟಗಾದರೂ ಆಕೆ ಅದನ್ನು ನೆರೆಹೊರೆಯವರಿಗೆಲ್ಲ ತೋರಿಸದೆ ಬಿಡಲಾರಳು.

ಸಂಚಿ ಸಿದ್ಧವಾದ ಮೇಲೆ ಅದನ್ನು ಬರಿದಾಗಿ ಕೊಡಬೇಡಿ. ನೆರೆಮನೆಯ ಪಾತ್ರೆಯನ್ನು ಕೂಡ ನಾವು ಬರಿದಾಗಿ ಹಿಂದಿರುಗಿಸುವುದಿಲ್ಲವಷ್ಟೆ. ಮಗಳಿಗಾದರೆ ದಾರ ಪೋಣಿಸಿದ ಸೂಜಿ ಒಂದು ಕಿಸೆಯಲ್ಲಿರಲಿ. ತಾಯಿಗಾದರೆ ವಾರದ ಗುಳಿಗೆಗಳನ್ನು ಆಯಾ ಅರೆಯಲ್ಲಿ ನೀವೇ ಇಟ್ಟುಕೊಡಿ. ಎಲ್ಲಕ್ಕಿಂತ ಒಳಗಿನ ಅರೆಯಲ್ಲಿ ಎರಡು ಅಡಿಕೆ, ಒಂದು ನಾಣ್ಯ. ಕತ್ತರಿಸಿ ಉಳಿದ ಖಣದ ಚೂರುಗಳನ್ನು ಎಸೆಯದಿರಿ. ಮುಂದಿನ ಕೌದಿಗೆ ಮೂಲೆಯ ಹೂವಾಗಲು ಅವು ಸಾಕು.